ಬಾಬ್ ಅಲ್ಲ, ರೊಬೆರ್ಟೊ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿದೆ. ಬೇಸ್‌ಬಾಲ್ ಆಟದ ಮಹನೀಯರಿಗಾಗಿ ಅಲ್ಲೊಂದು ಗೌರವ ಮಂದಿರ ಕಟ್ಟಿದ್ದಾರೆ. ಆಯ್ಕೆಯಾದ ಪ್ರತಿಯೊಬ್ಬನ ಮುಖವನ್ನೂ ಹೆಸರನ್ನೂ ಕಂಚಿನ ಫಲಕದಲ್ಲಿ ಮೂಡಿಸಿ ಗೋಡೆಗೆ ಹಾಕುತ್ತಾರೆ. 1973ರಲ್ಲಿ ಹಾಕಿದ ಒಂದು ಫಲಕದಲ್ಲಿ ಹೆಸರು ಹಿಂದುಮುಂದಾಗಿತ್ತು. ‘ರೊಬೆರ್ಟೊ ವಾಕರ್ ಕ್ಲೆಮೆಂಟೆ’ ಎಂದು ಬರೆಸಿದ್ದರು. ಆ ಆಟಗಾರನ ಹೆಸರು ‘ರೊಬೆರ್ಟೊ ಕ್ಲೆಮೆಂಟೆ ವಾಕರ್’. ತಿದ್ದಿದ ಫಲಕ ಗೋಡೆಗೆ ಬಂದದ್ದು 2000ನೇ ಇಸವಿಯಲ್ಲಿ. ಒಂದು ಹೆಸರು ಸರಿಯಾಗಲು 27 ವರ್ಷ ಬೇಕಾಯಿತು.

ಎರಡು ಪದ ಅತ್ತಿತ್ತ ಆದರೆ ಏನು ಮಹಾ ಎನ್ನಬಹುದು. ಆತ ಹುಟ್ಟಿದ ಪ್ಯೂರ್ಟೊ ರಿಕೊ ದ್ವೀಪದಲ್ಲಿ ಮಗುವಿನ ಹೆಸರಾದ ಮೇಲೆ ಮೊದಲು ಅಪ್ಪನ ಮನೆತನದ ಹೆಸರು, ಕೊನೆಗೆ ಅಮ್ಮನ ಮನೆತನದ ಹೆಸರು ಬರುತ್ತದೆ. ಕ್ಲೆಮೆಂಟೆ ಅಪ್ಪನ ಕಡೆಯದು, ವಾಕರ್ ಅಮ್ಮನ ಕಡೆಯದು. ನಮ್ಮಲ್ಲಿ ಇನಿಷಿಯಲ್ಲಿಗೆ ಊರಿನ ಅಕ್ಷರ, ಅಪ್ಪನ ಅಕ್ಷರ ಎಂದು ಇಡುತ್ತೇವಲ್ಲ, ಹಾಗೆಯೇ ಅಲ್ಲೂ ಒಂದು ಕ್ರಮ. ಅದನ್ನು ತಿರುಗಿಸಿ ಬರೆದರೆ ಹೊರಗಿನವರಿಗೆ ವ್ಯತ್ಯಾಸ ಕಾಣುವುದಿಲ್ಲ. ಮನೆಯವರಿಗೆ ಮಾತ್ರ ಅದು ಬೇರೆ ಯಾರದೋ ಹೆಸರಿನಂತೆ ಕಾಣುತ್ತದೆ.

ನಾನು ಭದ್ರಾವತಿಯವಳು. ಕ್ರಿಕೆಟ್ಟೇ ಅರ್ಧಂಬರ್ಧ ಅರ್ಥವಾಗುವ ನನಗೆ ಈ ಬೇಸ್‌ಬಾಲ್ ಆಟಗಾರ ಪರಿಚಯವಾದದ್ದು ಮಗಳು ಇರುವ ಪಿಟ್ಸ್‌ಬರ್ಗ್‌ನಲ್ಲಿ. ಹತ್ತು ವರ್ಷದ ಹಿಂದೆ ಅವಳ ಬಾಣಂತನಕ್ಕೆ ಹೋಗಿದ್ದೆ. ಮತ್ತೆ ಹೋದದ್ದು ಕಳೆದ ವರ್ಷ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಆ ಊರು ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಗಳಿಗೆ ಹೆಸರುವಾಸಿ. ನಮ್ಮ ಯಜಮಾನರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಹಾಗಾಗಿ ಊರು ಹೊಸದಾದರೂ ಏನೋ ಹತ್ತಿರದ್ದು ಅನ್ನಿಸಿತು. ಜೊತೆಗೆ, ತುಂಗೆ ಮತ್ತು ಭದ್ರೆ ನಮ್ಮ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆ ಆಗುವ ಹಾಗೆ, ಅಲ್ಲಿ ಅಲೆಘೆನಿ ಮತ್ತು ಮೊನೊಂಗಹೇಲ ಎಂಬ ಎರಡು ನದಿ ಊರ ನಡುವೆಯೇ ಕೂಡಿ ಒಹಾಯೊ ನದಿಯಾಗಿ ಮುಂದೆ ಹರಿಯುತ್ತವೆ. ಆ ಅಲೆಘೆನಿ ನದಿಯ ಮೇಲೆ ಹಳದಿ ಬಣ್ಣದ ಉಕ್ಕಿನ ಸೇತುವೆಯೊಂದಿದೆ. ಅದರ ಹೆಸರು ರೊಬೆರ್ಟೊ ಕ್ಲೆಮೆಂಟೆ ಸೇತುವೆ.

“ಯಾರೋ ಮಂತ್ರಿಯೇನೋ?” ಎಂದು ಮೊಮ್ಮಗನನ್ನು ಕೇಳಿದೆ.

“ಅಲ್ಲ ಅಜ್ಜಿ, ಬೇಸ್‌ಬಾಲ್ ಪ್ಲೇಯರ್. ನಂಬರ್ ಟ್ವೆಂಟಿ ಒನ್” ಎಂದ.

ಇಲ್ಲಿ ಮೊಮ್ಮಗನ ಹೆಸರಿನ ವಿಷಯ ಹೇಳಬೇಕು. ಯಜಮಾನರು ತೀರಿಕೊಂಡ ಮರುವರ್ಷ ಹುಟ್ಟಿದ ಮಗು ಅದು. ಮಗಳು ತನ್ನ ಅಪ್ಪನ ಹೆಸರನ್ನೇ ಇಟ್ಟಳು. ಐದಕ್ಷರದ ಹಳೆಯ ಕಾಲದ ಹೆಸರು. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಮದುವೆಯ ದಿನ ಎಲ್ಲರ ಒತ್ತಾಯಕ್ಕೆ ಒಗಟು ಕಟ್ಟಿ ಹೇಳಿದ್ದೇ ಕೊನೆ. ಆ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೇ ಮೊಮ್ಮಗ ನನಗೆ ‘ಪುಟ್ಟ’. ಇಲ್ಲಿ ಬರೆಯುವಾಗಲೂ ಹಾಗೆಯೇ ಬರೆಯುತ್ತೇನೆ, ಓದುವವರು ನಕ್ಕರೆ ನಗಲಿ.

ಪುಟ್ಟ ಅವರ ಬಡಾವಣೆಯ ಮಕ್ಕಳ ತಂಡದಲ್ಲಿ ಬೇಸ್‌ಬಾಲ್ ಆಡುತ್ತಾನೆ. ಅವನ ಕೋಚ್ ಮೊದಲ ದಿನವೇ ಆ ಹೆಸರನ್ನು ಒಂದೂವರೆ ಅಕ್ಷರಕ್ಕೆ ಕತ್ತರಿಸಿ, ಇಂಗ್ಲಿಷ್ ಹುಡುಗನ ಹೆಸರಿನಂತೆ ಮಾಡಿದ್ದರಂತೆ. ಮಕ್ಕಳೆಲ್ಲ ಅದನ್ನೇ ಹಿಡಿದುಕೊಂಡರು. ಅವರ ಆಟ ನೋಡಲು ಹೋದಾಗ ಆ ತುಂಡು ಹೆಸರು ಕೇಳಿ, ಯಾರನ್ನು ಕರೆಯುತ್ತಿದ್ದಾರೆಂದು ನಾನು ಸುತ್ತ ನೋಡಿದೆ. ಓಡಿಬಂದವನು ನಮ್ಮ ಪುಟ್ಟ.

“ಅವರಿಗೆ ನಾಲಿಗೆ ಹೊರಳಲ್ಲಮ್ಮ, ಹೋಗ್ಲಿ ಬಿಡು” ಎಂದಳು ಮಗಳು. “ಫುಲ್ ನೇಮ್ ಹೇಳಿದ್ರೆ ಎಲ್ಲರೂ ನಗ್ತಾರೆ ಅಜ್ಜಿ. ನಂಗೆ ಇದೇ ಇಷ್ಟ” ಎಂದ ಪುಟ್ಟ. ನಾನು ಸುಮ್ಮನಾದೆ. ಆರು ತಿಂಗಳಿಗೆ ಬಂದ ಅಜ್ಜಿ ಆ ಮಗುವಿನ ಆಟದ ಬಯಲಿಗೆ ಹೋಗಿ ಜಗಳ ಕಾಯಲು ಆಗುತ್ತದೆಯೇ? ಮನಸ್ಸಿನಲ್ಲಿ ಮಾತ್ರ ಅದು ಮುಳ್ಳಿನ ಹಾಗೆ ಉಳಿಯಿತು.

ಅದೇ ವಾರ ಗ್ರಂಥಾಲಯದಿಂದ ಕ್ಲೆಮೆಂಟೆಯ ಮೇಲಿನ ಪುಸ್ತಕಗಳನ್ನು ತಂದೆವು. ರಾತ್ರಿ ಊಟವಾದ ಮೇಲೆ ಅವನು ಇಂಗ್ಲಿಷಿನಲ್ಲಿ ಓದುವುದು, ನಾನು ಕೇಳಿಸಿಕೊಂಡು ಕನ್ನಡದಲ್ಲಿ ಮತ್ತೆ ಹೇಳುವುದು. ಹೀಗೆ ಅವನಿಗೆ ಕನ್ನಡ, ನನಗೆ ಬೇಸ್‌ಬಾಲ್.

ಆಟ ಗೊತ್ತಿಲ್ಲದ ಮಕ್ಕಳಿಗೆ, ನನ್ನಂಥ ಅಜ್ಜಿಯರಿಗೆ ನಾಲ್ಕು ಮಾತು. ಮೈದಾನದಲ್ಲಿ ಒಂದು ಚೌಕ, ಅದರ ನಾಲ್ಕು ಮೂಲೆಗೆ ನಾಲ್ಕು ಬೇಸ್, ಅಂದರೆ ನಾಲ್ಕು ಮನೆ. ಒಂದರಿಂದ ಇನ್ನೊಂದಕ್ಕೆ 90 ಅಡಿ. ಬ್ಯಾಟು ಚಪ್ಪಟೆಯಲ್ಲ, ಒನಕೆಯ ತುಂಡಿನಂತೆ ದುಂಡಗೆ. ಚೆಂಡು ಕ್ರಿಕೆಟ್‌ನಂತೆ ನೆಲಕ್ಕೆ ಬಿದ್ದು ಪುಟಿದೇಳುವುದಿಲ್ಲ, ಗಾಳಿಯಲ್ಲೇ ನೇರವಾಗಿ ಬರುತ್ತದೆ. ಹೊಡೆದವನು ಬ್ಯಾಟು ಬಿಸುಟು ಓಡಬೇಕು. ನಾಲ್ಕೂ ಮನೆ ಸುತ್ತಿ ಬಂದರೆ ಒಂದು ರನ್. ಚೆನ್ನಾಗಿ ಹೊಡೆದು ಔಟಾಗದೆ ಒಂದಾದರೂ ಮನೆ ಮುಟ್ಟಿದರೆ ಅದಕ್ಕೆ ‘ಹಿಟ್’ ಎನ್ನುತ್ತಾರೆ. ನನಗೆ ತುಂಬ ಹಿಡಿಸಿದ ಸಂಗತಿಯೆಂದರೆ, ಹತ್ತು ಸಲ ಬ್ಯಾಟ್ ಹಿಡಿದವನು ಮೂರು ಸಲ ಹಿಟ್ ಹೊಡೆದರೆ ಅಲ್ಲಿ ಅವನು ದೊಡ್ಡ ಆಟಗಾರ. ಏಳು ಸಲ ಸೋತರೂ ಯಾರೂ ಬೈಯುವುದಿಲ್ಲ. ಪರೀಕ್ಷೆಯ ಅಂಕಪಟ್ಟಿ ನೋಡುವ ಅಪ್ಪಂದಿರು ಇದನ್ನು ಗಮನಿಸಬೇಕು.

ರೊಬೆರ್ಟೊ ಹುಟ್ಟಿದ್ದು 1934ರ ಆಗಸ್ಟ್ 18ರಂದು, ಪ್ಯೂರ್ಟೊ ರಿಕೊದ ಕರೊಲಿನಾ ಎಂಬ ಊರಿನಲ್ಲಿ. ಆ ದ್ವೀಪ ಅಮೆರಿಕದ ಆಡಳಿತಕ್ಕೆ ಸೇರಿದ್ದು, ಜನರ ಮಾತು ಮಾತ್ರ ಸ್ಪ್ಯಾನಿಷ್. ಅಪ್ಪ ಮೆಲ್ಚೊರ್ ಕಬ್ಬಿನ ತೋಟದಲ್ಲಿ ಮೇಸ್ತ್ರಿ. ಅಮ್ಮ ಲೂಯಿಸಾ. ಏಳು ಮಕ್ಕಳಲ್ಲಿ ಈತನೇ ಕಿರಿಯ. ಹುಡುಗ ಶಾಲೆಯಲ್ಲಿ ಜಾವೆಲಿನ್ ಎಸೆಯುತ್ತಿದ್ದ, ನಮ್ಮ ನೀರಜ್ ಚೋಪ್ರಾ ಎಸೆಯುತ್ತಾರಲ್ಲ, ಅದೇ. ಆ ಭರ್ಜಿ ಎಸೆದ ತೋಳೇ ಮುಂದೆ ಜಗತ್ತನ್ನು ಬೆರಗುಗೊಳಿಸಿತು. ಹದಿನೆಂಟನೇ ವಯಸ್ಸಿಗೆ ತನ್ನ ದ್ವೀಪದ ಸಾಂತುರ್ಸೆ ತಂಡ ಸೇರಿದ.

1954ರಲ್ಲಿ ಅಮೆರಿಕದ ಬ್ರೂಕ್ಲಿನ್ ಡಾಡ್ಜರ್ಸ್ ತಂಡ 10,000 ಡಾಲರ್ ಕೊಟ್ಟು ಈತನನ್ನು ತೆಗೆದುಕೊಂಡಿತು. 1947ರಲ್ಲಿ ಜಾಕಿ ರಾಬಿನ್ಸನ್ ಎಂಬ ಕರಿಯ ಆಟಗಾರನನ್ನು ಇಳಿಸಿ, ಬಿಳಿಯರು ಮಾತ್ರ ಆಡುವ ಪದ್ಧತಿಯನ್ನು ಮುರಿದದ್ದು ಇದೇ ತಂಡ. ಆದರೆ ಅಷ್ಟು ದುಡ್ಡು ಪಡೆದ ಹೊಸಬನನ್ನು ಮುಖ್ಯ ತಂಡದಲ್ಲಿ ಇಟ್ಟುಕೊಳ್ಳದಿದ್ದರೆ, ಬೇರೆ ತಂಡ ಅವನನ್ನು ಆರಿಸಿಕೊಳ್ಳಬಹುದು ಎಂಬ ನಿಯಮವಿತ್ತು. ಡಾಡ್ಜರ್ಸ್‌ನವರು ರೊಬೆರ್ಟೊನನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ತಮ್ಮ ಕಿರಿಯ ತಂಡಕ್ಕೆ ಕಳಿಸಿದರು, ಅಲ್ಲಿ ಹೆಚ್ಚು ದಿನ ಬೆಂಚಿನ ಮೇಲೇ ಕೂರಿಸಿದರು. ಆದರೂ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದವರ ಕಣ್ಣು ಈತನ ಮೇಲೆ ಬಿತ್ತು. ಪಟ್ಟಿಯಲ್ಲಿ ಕಟ್ಟಕಡೆಗೆ ಇದ್ದ ತಂಡ ಅದು. ಕೊನೆಯವರಿಗೆ ಆರಿಸುವ ಮೊದಲ ಅವಕಾಶ, ಆರಿಸಿಬಿಟ್ಟರು. 1955ರ ಏಪ್ರಿಲ್ 17ರಂದು ರೊಬೆರ್ಟೊ ಪಿಟ್ಸ್‌ಬರ್ಗ್ ಪರ ಮೊದಲ ಪಂದ್ಯ ಆಡಿದ. ಎದುರಾಳಿ ಯಾರು ಗೊತ್ತೇ? ಅದೇ ಬ್ರೂಕ್ಲಿನ್ ಡಾಡ್ಜರ್ಸ್!

ಅಂಗಿಯ ಮೇಲೆ 21 ಎಂಬ ಸಂಖ್ಯೆ. ಇಂಗ್ಲಿಷ್ ಅಕ್ಷರದಲ್ಲಿ ರೊಬೆರ್ಟೊಗೆ ಏಳು, ಕ್ಲೆಮೆಂಟೆಗೆ ಎಂಟು, ವಾಕರ್‌ಗೆ ಆರು. ಕೂಡಿದರೆ ಇಪ್ಪತ್ತೊಂದು. ಅಪ್ಪ ಅಮ್ಮ ಇಬ್ಬರ ಹೆಸರೂ ಸೇರಿದ ಲೆಕ್ಕ ಅದು, ಅದಕ್ಕೇ ಆ ಸಂಖ್ಯೆ ಆರಿಸಿಕೊಂಡ ಎಂದು ಹೇಳುತ್ತಾರೆ. ಪುಟ್ಟ ಪೆನ್ಸಿಲ್ ತಂದು ಬರೆದು ಎಣಿಸಿ ನೋಡಿದ. ಆಮೇಲೆ ಹಾಳೆಯ ಮೂಲೆಯಲ್ಲಿ ತನ್ನ ಹೆಸರಿನದೂ ಎಣಿಸುತ್ತಿದ್ದ. ನಾನು ನೋಡಿಯೂ ನೋಡದಂತೆ ಇದ್ದೆ.

ಆದರೆ ಆ ಹೆಸರನ್ನು ಪೂರ್ತಿ ಹೇಳುವವರು ಎಲ್ಲಿದ್ದರು? ಪತ್ರಿಕೆಯವರು, ರೇಡಿಯೊದವರು ‘ಬಾಬ್’ ಎಂದು ಕರೆದರು, ‘ಬಾಬಿ’ ಎಂದರು. ಮಕ್ಕಳು ಕೂಡಿಡುವ ಆಟಗಾರರ ಚಿತ್ರದ ಕಾರ್ಡುಗಳಲ್ಲೂ ಹಲವು ವರ್ಷ ‘ಬಾಬ್ ಕ್ಲೆಮೆಂಟೆ’ ಎಂದೇ ಅಚ್ಚಾಯಿತು. ತನ್ನ ಹೆಸರು ರೊಬೆರ್ಟೊ ಎಂದು ಆತ ಹೇಳುತ್ತಲೇ ಇದ್ದ. ಆತನ ಇಂಗ್ಲಿಷ್ ಉಚ್ಚಾರಣೆಯನ್ನು ಇದ್ದಂತೆಯೇ ವಕ್ರವಾಗಿ ಅಕ್ಷರಕ್ಕಿಳಿಸಿ ಕೆಲವು ಪತ್ರಿಕೆಗಳು ನಗೆಯಾಡಿದವು. ಎರಡನೆಯ ಭಾಷೆಯನ್ನು ಕಷ್ಟಪಟ್ಟು ಮಾತಾಡುವವನನ್ನು, ಒಂದೇ ಭಾಷೆ ಬಲ್ಲವರು ಆಡಿಕೊಂಡರು.

ಪಿಟ್ಸ್‌ಬರ್ಗ್‌ಗೆ ಬರುವ ಮುಂಚೆ, ಕುಡಿದು ಕಾರು ಓಡಿಸುತ್ತಿದ್ದವನೊಬ್ಬ ಈತನ ಕಾರಿಗೆ ಗುದ್ದಿದ್ದ. ಬೆನ್ನುಮೂಳೆಗೆ ಪೆಟ್ಟಾಗಿ ನೋವು ಕೊನೆವರೆಗೂ ಉಳಿಯಿತು. ಬ್ಯಾಟ್ ಹಿಡಿದು ನಿಲ್ಲುವ ಮುಂಚೆ ಕುತ್ತಿಗೆಯನ್ನು ಅತ್ತಿತ್ತ ತಿರುಗಿಸಿ ಸಡಿಲ ಮಾಡಿಕೊಳ್ಳುತ್ತಿದ್ದ. ನೋವೆಂದರೆ ‘ನಾಟಕ’ ಎಂದವರೂ ಇದ್ದರು.

ಪ್ರತಿವರ್ಷ ಆಟದ ಸೀಸನ್ ಶುರುವಾಗುವ ಮುಂಚೆ ತಂಡ ಅಭ್ಯಾಸಕ್ಕೆ ಫ್ಲೋರಿಡಾಕ್ಕೆ ಹೋಗುತ್ತಿತ್ತು. ಅಲ್ಲಿ ಆಗ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಎಂಬ ಕಟ್ಟಳೆ. ಕಪ್ಪು ಬಣ್ಣದ ರೊಬೆರ್ಟೊ ಮತ್ತು ಅವನಂಥವರಿಗೆ ತಂಡದ ಹೋಟೆಲಿನಲ್ಲಿ ಕೋಣೆ ಇಲ್ಲ. ದಾರಿಯಲ್ಲಿ ಊಟಕ್ಕೆ ಬಸ್ ನಿಂತರೆ ಬಿಳಿಯ ಆಟಗಾರರು ಒಳಗೆ ಹೋಗಿ ಉಣ್ಣಬೇಕು, ಇವರು ಬಸ್ಸಿನಲ್ಲೇ ಕಾದಿರಬೇಕು, ಯಾರಾದರೂ ಪೊಟ್ಟಣ ತಂದುಕೊಟ್ಟರೆ ತಿನ್ನಬೇಕು. ಆ ಪೊಟ್ಟಣ ಮುಟ್ಟಬೇಡಿ ಎಂದು ರೊಬೆರ್ಟೊ ತನ್ನ ಜೊತೆಯವರಿಗೆ ಹೇಳಿದ. ವ್ಯವಸ್ಥಾಪಕರ ಬಳಿ ಹೋಗಿ, ನಮಗೆ ಬೇರೆ ಕಾರು ಕೊಡಿ, ನಮ್ಮನ್ನು ಮನುಷ್ಯರಂತೆ ಕೂರಿಸುವ ಕಡೆ ಹೋಗಿ ಉಣ್ಣುತ್ತೇವೆ ಎಂದು ಪಟ್ಟು ಹಿಡಿದ. ಕಾರು ಬಂತು.

ಇದನ್ನು ಕೇಳಿ ಪುಟ್ಟ ತುಂಬ ಹೊತ್ತು ಮಾತಾಡಲಿಲ್ಲ. “ಹೊಟ್ಟೆ ಹಸಿದಿತ್ತಲ್ವಾ ಅಜ್ಜಿ ಅವ್ರಿಗೆ?” ಎಂದ. “ಹಸಿದಿತ್ತು ಕಣೋ” ಎಂದೆ. ನಮ್ಮ ನಾಡಿನಲ್ಲೂ ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟ ಕಾಲ ಒಂದಿತ್ತು ಎಂಬುದನ್ನೂ ಅವನಿಗೆ ಹೇಳಿದೆ. ಬೇರೆ ದೇಶದ ಕತೆ ಎಂದು ಕೇಳಿ ಮರೆಯುವುದು ಸುಲಭ.

ಆಟದಲ್ಲಿ ರೊಬೆರ್ಟೊ ನಿಲ್ಲುತ್ತಿದ್ದದ್ದು ರೈಟ್ ಫೀಲ್ಡ್‌ನಲ್ಲಿ, ಅಂದರೆ ಮೈದಾನದ ಬಲಭಾಗದ ದೂರದ ಬಯಲಿನಲ್ಲಿ. ಅಲ್ಲಿಂದ ಚೆಂಡನ್ನು ಎತ್ತಿ ಒಂದೇ ಎಸೆತಕ್ಕೆ ಓಡುವವನನ್ನು ಔಟ್ ಮಾಡುತ್ತಿದ್ದ. ಶ್ರೇಷ್ಠ ಫೀಲ್ಡರ್‌ಗೆ ಕೊಡುವ ‘ಗೋಲ್ಡ್ ಗ್ಲೋವ್’ ಪ್ರಶಸ್ತಿಯನ್ನು 1961ರಿಂದ 1972ರವರೆಗೆ ಸತತ 12 ವರ್ಷ ಪಡೆದ. 1960ರಲ್ಲಿ ಪಿಟ್ಸ್‌ಬರ್ಗ್ ತಂಡ ಬಲಾಢ್ಯ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಏಳು ಪಂದ್ಯಗಳ ಅಂತಿಮ ಸರಣಿಯಲ್ಲಿ ಸೋಲಿಸಿತು. ಏಳೂ ಪಂದ್ಯಗಳಲ್ಲಿ ರೊಬೆರ್ಟೊ ಹಿಟ್ ಹೊಡೆದಿದ್ದ. ಆದರೂ ಆ ವರ್ಷದ ಅತ್ಯುತ್ತಮ ಆಟಗಾರ ಯಾರೆಂದು ಪತ್ರಕರ್ತರು ಮತ ಹಾಕಿದಾಗ ಈತನಿಗೆ ಎಂಟನೇ ಸ್ಥಾನ. ಮನಸ್ಸಿಗೆ ಬಹಳ ನೋವಾಯಿತು. ಅದನ್ನು ಬಚ್ಚಿಡುವ ಸ್ವಭಾವವೂ ಆತನದಲ್ಲ. ಮುಂದಿನ ವರ್ಷವೇ ತನ್ನ ಲೀಗ್‌ನ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಸ್ಥಾನ ಪಡೆದ. ಮತ್ತೆ 1964, 1965, 1967ರಲ್ಲೂ ಅದೇ ಸ್ಥಾನ. 1966ರಲ್ಲಿ ಕೊನೆಗೂ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂತು.

ಈ ಮನುಷ್ಯ ಸದಾ ನಗುನಗುತ್ತಾ ಎಲ್ಲವನ್ನೂ ಸಹಿಸಿಕೊಂಡ ಸಾಧು ಅಲ್ಲ. ಕೋಪ ಬೇಗ ಬರುತ್ತಿತ್ತು. ತನಗೆ ಸಲ್ಲಬೇಕಾದದ್ದು ಸಲ್ಲದಿದ್ದರೆ ಎದುರಿಗೇ ಹೇಳುತ್ತಿದ್ದ. ಆದರೆ ಆ ಕೋಪ ತನಗೊಬ್ಬನಿಗೆ ಮಾತ್ರ ಎಂದು ಇರಲಿಲ್ಲ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ನಮ್ಮ ಗಾಂಧೀಜಿಯ ದಾರಿಯಲ್ಲಿ ನಡೆದ ಆ ನಾಯಕನ ಅಂತ್ಯಕ್ರಿಯೆ ಆಗುವ ಮುಂಚೆ ನಾವು ಆಡುವುದಿಲ್ಲ ಎಂದು ಪೈರೇಟ್ಸ್ ಆಟಗಾರರು ನಿಂತರು. ಅವರ ಮುಂದೆ ನಿಂತವರಲ್ಲಿ ರೊಬೆರ್ಟೊ ಒಬ್ಬ. ಕೊನೆಗೆ ಇಡೀ ದೇಶದಲ್ಲಿ ಸೀಸನ್ನಿನ ಮೊದಲ ಪಂದ್ಯಗಳನ್ನು ಏಪ್ರಿಲ್ 10ಕ್ಕೆ ಮುಂದೂಡಿದರು. 1970ರ ಜುಲೈ 24ರಂದು ಪಿಟ್ಸ್‌ಬರ್ಗ್‌ನಲ್ಲಿ ಆತನಿಗೆ ದೊಡ್ಡ ಸನ್ಮಾನ ಆದಾಗ, ನನಗೆ ಕೊಡುವುದನ್ನು ಊರಿನ ಮಕ್ಕಳ ಆಸ್ಪತ್ರೆಗೆ ಕೊಡಿ ಎಂದ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಘಟನೆ. 1971ರ ಅಕ್ಟೋಬರ್ 17. ಬಾಲ್ಟಿಮೋರ್ ತಂಡದ ಎದುರು ಅಂತಿಮ ಸರಣಿಯ ಏಳನೇ ಪಂದ್ಯ. ಮೊದಲ ಎರಡು ಪಂದ್ಯ ಸೋತಿದ್ದ ಪಿಟ್ಸ್‌ಬರ್ಗ್ ಚೇತರಿಸಿಕೊಂಡು ಸರಣಿಯನ್ನು ಇಲ್ಲಿಗೆ ತಂದಿತ್ತು. ಕೊನೆಯ ಪಂದ್ಯವನ್ನು 2–1ರಿಂದ ಗೆದ್ದಿತು. ಅದರಲ್ಲಿ ಒಂದು ರನ್ ರೊಬೆರ್ಟೊನ ಹೋಮ್ ರನ್‌ನಿಂದ, ಅಂದರೆ ನಮ್ಮ ಸಿಕ್ಸರಿನಂಥ ಹೊಡೆತದಿಂದ. 37 ವರ್ಷದ ಆತ ಈ ಏಳು ಪಂದ್ಯಗಳಲ್ಲೂ ಒಂದೂ ಬಿಡದೆ ಹಿಟ್ ಹೊಡೆದಿದ್ದ. ಸರಣಿಯ ಶ್ರೇಷ್ಠ ಆಟಗಾರನೆಂದು ಟೀವಿಯವರು ಮೈಕ್ ಹಿಡಿದರು. ಇಡೀ ಅಮೆರಿಕ ನೋಡುತ್ತಿತ್ತು. ಇಂಗ್ಲಿಷಿನಲ್ಲಿ ಉತ್ತರ ಹೇಳುವ ಮುಂಚೆ ಒಂದು ಮಾತು ಎಂದು ಕೇಳಿಕೊಂಡು, ರೊಬೆರ್ಟೊ ತನ್ನ ಸ್ಪ್ಯಾನಿಷಿನಲ್ಲಿ ಮಾತಾಡಿದ. ತನ್ನ ಮಕ್ಕಳಿಗೆ ಆಶೀರ್ವಾದ ಹೇಳಿದ, ತನ್ನ ಅಪ್ಪ ಅಮ್ಮನ ಆಶೀರ್ವಾದ ಬೇಡಿದ. ಪ್ಯೂರ್ಟೊ ರಿಕೊದಲ್ಲಿ ಮಕ್ಕಳು ಹಿರಿಯರನ್ನು ಕಂಡಾಗ ಆಶೀರ್ವಾದ ಕೇಳುವ ರೂಢಿ ಇದೆ, ನಮ್ಮಲ್ಲಿ ಕಾಲಿಗೆರಗುವ ಹಾಗೆ. ಇಷ್ಟು ವರ್ಷ ಆತನ ಇಂಗ್ಲಿಷನ್ನು ಆಡಿಕೊಂಡಿದ್ದ ದೇಶಕ್ಕೆ, ಅಂದು ಆತನ ತಾಯ್ನುಡಿಯನ್ನು ಸುಮ್ಮನೆ ಕೇಳಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಆ ದೃಶ್ಯವನ್ನು ಮಗಳು ಫೋನಿನಲ್ಲಿ ತೋರಿಸಿದಳು. ನನಗೆ ಸ್ಪ್ಯಾನಿಷ್ ಬಾರದು. ಆದರೆ ಆ ಮುಖ ನೋಡಿದರೆ ಏನು ಕೇಳುತ್ತಿದ್ದಾನೆಂದು ಯಾರಿಗಾದರೂ ತಿಳಿಯುತ್ತದೆ.

1972ರ ಸೆಪ್ಟೆಂಬರ್ 30ರಂದು ತನ್ನ 3,000ನೇ ಹಿಟ್ ಹೊಡೆದ. ಅಲ್ಲಿಯವರೆಗೆ ಆ ಎತ್ತರ ಮುಟ್ಟಿದವರು ಹತ್ತೇ ಮಂದಿ. ಆ ವರ್ಷದ ಲೀಗ್ ಪಂದ್ಯಗಳಲ್ಲಿ ಮತ್ತೆ ಬ್ಯಾಟ್ ಹಿಡಿಯಲಿಲ್ಲ. ಮುಂದಿನ ವರ್ಷ ಇದೆಯಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು.

ನವೆಂಬರಿನಲ್ಲಿ ಪ್ಯೂರ್ಟೊ ರಿಕೊದ ಹವ್ಯಾಸಿ ಆಟಗಾರರ ತಂಡವನ್ನು ಕರೆದುಕೊಂಡು ನಿಕರಾಗುವ ದೇಶದ ರಾಜಧಾನಿ ಮನಾಗುವಾಕ್ಕೆ ಹೋಗಿದ್ದ. ಅಲ್ಲಿ ಕಾಲು ಕಳೆದುಕೊಂಡ ಒಬ್ಬ ಹುಡುಗನನ್ನು ಕಂಡು, ಕೃತಕ ಕಾಲು ಹಾಕಿಸಲು ಏರ್ಪಾಡು ಮಾಡಿ ಬಂದ. ಊರಿಗೆ ಮರಳಿ ಕೆಲವೇ ದಿನ, ಡಿಸೆಂಬರ್ 23ರ ನಡುರಾತ್ರಿ ಮನಾಗುವಾ ಭೂಕಂಪಕ್ಕೆ ಕುಸಿಯಿತು. ಸಾವಿರಾರು ಜನ ಸತ್ತರು. ಆತ ನಡೆದಾಡಿದ್ದ ಬೀದಿಗಳೇ ಉಳಿಯಲಿಲ್ಲ. ಕ್ರಿಸ್‌ಮಸ್ ಹಬ್ಬ ಬಿಟ್ಟು ರೊಬೆರ್ಟೊ ಊಟ, ಬಟ್ಟೆ, ಔಷಧಿ ಕೂಡಿಸುವುದಕ್ಕೆ ನಿಂತ. ವಿಮಾನದಲ್ಲಿ ಸಾಮಾನು ಕಳಿಸಿದ. ಆದರೆ ಅದು ಸಂತ್ರಸ್ತರಿಗೆ ಮುಟ್ಟದೆ, ಆ ದೇಶವನ್ನು ಆಳುತ್ತಿದ್ದ ಸೊಮೋಜಾನ ಸೈನಿಕರ ಪಾಲಾಗುತ್ತಿದೆ ಎಂಬ ಸುದ್ದಿ ಬಂತು. ತಾನೇ ಜೊತೆಗೆ ಹೋದರೆ ಯಾರೂ ಕೈಹಾಕಲಾರರು ಎಂದು ಹೊರಟುಬಿಟ್ಟ.

ಡಿಸೆಂಬರ್ 31ರ ರಾತ್ರಿ. ನಾಲ್ಕು ಎಂಜಿನ್ನಿನ ಹಳೆಯ ಡಿಸಿ-7 ವಿಮಾನ. ಹೊರಬಹುದಾದದ್ದಕ್ಕಿಂತ ಹೆಚ್ಚು ಭಾರ ತುಂಬಿತ್ತು. ಸಾನ್ ಹುವಾನ್ ನಗರದಿಂದ ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ ಸಮುದ್ರಕ್ಕೆ ಬಿತ್ತು. ಒಳಗಿದ್ದ ಐವರೂ ಸತ್ತರು. ರೊಬೆರ್ಟೊನ ದೇಹ ಸಿಗಲೇ ಇಲ್ಲ. ಪಿಟ್ಸ್‌ಬರ್ಗ್ ತಂಡದ ಗೆಳೆಯರೆಲ್ಲ ಶ್ರದ್ಧಾಂಜಲಿ ಪ್ರಾರ್ಥನೆಗೆ ಸೇರಿದ್ದಾಗ ಮ್ಯಾನಿ ಸಾಂಗಿಯೆನ್ ಎಂಬ ಆಟಗಾರ ಮಾತ್ರ ಅಲ್ಲಿರಲಿಲ್ಲ. ಅವನು ಮುಳುಗುಗಾರರ ಜೊತೆ ಸಮುದ್ರಕ್ಕಿಳಿದು ಗೆಳೆಯನನ್ನು ಹುಡುಕುತ್ತಿದ್ದ.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆವು. ನನಗೆ ಕಣ್ಣ ಮುಂದೆ ಬಂದದ್ದು ಆತನ ಹೆಂಡತಿ ವೆರಾ. ಮೂರು ಗಂಡು ಮಕ್ಕಳು, ದೊಡ್ಡವನಿಗೆ ಏಳು ವರ್ಷ. “ಮನೇಲಿ ಚಿಕ್ಕ ಮಕ್ಕಳಿದ್ದಾಗ ಹೋಗಬಾರದಿತ್ತು” ಎಂದೆ. ಗಂಡನನ್ನು ಕಳೆದುಕೊಂಡವಳಿಗೆ ಬೇರೆ ಮಾತು ಬರುವುದಿಲ್ಲ. ಮಗಳು, “ಹೋಗದೇ ಇದ್ದಿದ್ರೆ ಅವ್ನು ಅವ್ನೇ ಆಗ್ತಿರ್ಲಿಲ್ವಲ್ಲಮ್ಮ” ಎಂದಳು. ಪುಟ್ಟ ಇಬ್ಬರನ್ನೂ ನೋಡಿದ. “ಬಸ್ಸಲ್ಲಿ ತಿಂಡಿ ಪೊಟ್ಟಣ ಬೇಡ ಅಂದ್ರಲ್ಲ ಅಜ್ಜಿ, ಅದೇ ಥರ ಇದೂನೂ. ಬೇರೆಯವ್ರ ಊಟ ಸೋಲ್ಜರ್ಸ್ ತಗೊಂಡ್ರೆ ಅವ್ರಿಗೆ ಸಿಟ್ಟು ಬರಲ್ವಾ?” ಎಂದ.

ಹತ್ತು ವರ್ಷದ ಮಗು ಅದನ್ನು ಕಂಡುಕೊಂಡಿತು. ಸ್ವಾಭಿಮಾನ ಅಂದರೆ ಜಂಬ, ಕರುಣೆ ಅಂದರೆ ತಗ್ಗಿ ನಡೆಯುವುದು, ಎರಡೂ ಬೇರೆ ಬೇರೆ ಎಂದು ನಮಗೆ ಕಲಿಸಿದ್ದರು. ಈ ಮನುಷ್ಯನಲ್ಲಿ ಎರಡೂ ಒಂದೇ. ತನ್ನ ಹೆಸರಿನ ಒಂದಕ್ಷರವನ್ನೂ ಬಿಟ್ಟುಕೊಡದವನು, ಗುರುತಿಲ್ಲದವರ ಪಾಲಿನ ಅನ್ನವನ್ನೂ ಬಿಟ್ಟುಕೊಡಲಿಲ್ಲ. ನಮ್ಮ ಹಿಂದೆ ಬರುವವರ ಬಾಳು ಹಸನಾಗುವಂತೆ ಏನಾದರೂ ಮಾಡುವ ಅವಕಾಶವಿದ್ದೂ ಮಾಡದಿದ್ದರೆ ಭೂಮಿಯ ಮೇಲಿನ ಕಾಲ ವ್ಯರ್ಥ ಎಂದು 1971ರಲ್ಲಿ ಹ್ಯೂಸ್ಟನ್‌ನ ಒಂದು ಸಭೆಯಲ್ಲಿ ಆತ ಹೇಳಿದ್ದ. ನನ್ನ ಪ್ರಶ್ನೆಗೆ ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ. ವೆರಾ ಮಾತ್ರ ಕೈಕಟ್ಟಿ ಕೂರಲಿಲ್ಲ. ಬಡ ಮಕ್ಕಳಿಗಾಗಿ ಕ್ರೀಡಾನಗರ ಕಟ್ಟಬೇಕೆಂಬ ಗಂಡನ ಕನಸನ್ನು ಕರೊಲಿನಾದಲ್ಲಿ ನಡೆಸಿದಳು, ಮಕ್ಕಳನ್ನು ಬೆಳೆಸಿದಳು, 2019ರಲ್ಲಿ ತೀರಿಕೊಂಡಳು. ಸೇತುವೆಗೆ ಹೆಸರಿಡುವವರು ಇಂಥ ಹೆಂಗಸರನ್ನೂ ನೆನೆಯಲಿ.

ಆಟ ಬಿಟ್ಟು ಐದು ವರ್ಷ ಆಗದೆ ಗೌರವ ಮಂದಿರಕ್ಕೆ ಸೇರಿಸುವಂತಿಲ್ಲ ಎಂಬ ನಿಯಮವನ್ನು ಆತನಿಗಾಗಿ ಸಡಿಲಿಸಿದರು. 424 ಮತಗಳಲ್ಲಿ 393 ಆತನಿಗೆ ಬಿದ್ದವು. ಲ್ಯಾಟಿನ್ ಅಮೆರಿಕದಿಂದ ಅಲ್ಲಿಗೆ ಸೇರಿದ ಮೊದಲಿಗ ಆತ. ಆಟದ ಜೊತೆ ಸಮಾಜಸೇವೆ ಮಾಡುವ ಆಟಗಾರನಿಗೆ ವರ್ಷವೂ ಕೊಡುವ ಪ್ರಶಸ್ತಿಗೆ 1973ರಿಂದ ಆತನದೇ ಹೆಸರು. ಪಿಟ್ಸ್‌ಬರ್ಗ್‌ನ ಈಗಿನ ಕ್ರೀಡಾಂಗಣದಲ್ಲಿ, ಆತ ನಿಲ್ಲುತ್ತಿದ್ದ ಬಲಬದಿಯ ಬಯಲಿನ ಹಿಂದಿನ ಗೋಡೆಯನ್ನು ಸರಿಯಾಗಿ 21 ಅಡಿ ಎತ್ತರಕ್ಕೆ ಕಟ್ಟಿದ್ದಾರೆ. ಪಂದ್ಯದ ದಿನ ಆ ಹಳದಿ ಸೇತುವೆಯ ಮೇಲೆ ವಾಹನ ನಿಲ್ಲಿಸಿ, ಜನ ನಡೆದೇ ಹೋಗುತ್ತಾರೆ. ನಾವೂ ಒಂದು ಸಂಜೆ ನಡೆದೆವು. ಎಳೆಯ ಮಕ್ಕಳಿಂದ ನನ್ನ ವಯಸ್ಸಿನವರವರೆಗೆ ಎಷ್ಟೋ ಬೆನ್ನುಗಳ ಮೇಲೆ 21 ಎಂಬ ಅಂಕಿ.

ನಾನು ಹೊರಡುವ ಎರಡು ವಾರ ಮುಂಚೆ ಪುಟ್ಟನ ತಂಡಕ್ಕೆ ಹೊಸ ಅಂಗಿ ಹೊಲಿಸಲು ಅರ್ಜಿ ಬಂತು. ಬೆನ್ನ ಮೇಲೆ ಯಾವ ಹೆಸರು ಬೇಕೆಂದು ಬರೆಯಬೇಕು. ನಾನಾಗಲಿ ಮಗಳಾಗಲಿ ಏನೂ ಹೇಳಲಿಲ್ಲ. ಅವನು ಪೂರ್ತಿ ಹೆಸರು ಬರೆದ. ಜಾಗ ಸಾಲದೆ ಕೊನೆಯ ಎರಡು ಅಕ್ಷರ ಡಬ್ಬಿಯ ಹೊರಗೆ ಹೋದವು. ಕೋಚ್ ಅದನ್ನು ನೋಡಿ, ಇದನ್ನು ಹೇಗೆ ಹೇಳುವುದು, ಸ್ವಲ್ಪ ನಿಧಾನವಾಗಿ ಹೇಳಿಕೊಡು ಎಂದು ಕೇಳಿದರಂತೆ. ಮೂರನೇ ಸಲಕ್ಕೆ ಹೆಚ್ಚುಕಡಿಮೆ ಸರಿಯಾಗಿ ಬಂತಂತೆ. ಗೆಳೆಯರು ಈಗಲೂ ತುಂಡು ಹೆಸರಿನಲ್ಲೇ ಕರೆಯುತ್ತಾರೆ, ಅದು ಅವರ ಸಲಿಗೆ, ಇರಲಿ. ಆದರೆ ನಾನು ನೋಡಿದ ಕೊನೆಯ ಪಂದ್ಯದಲ್ಲಿ ಆ ಕೋಚ್ ಬಯಲಿನ ಆ ತುದಿಯಿಂದ ಐದೂ ಅಕ್ಷರ ಕೂಗಿ ಕರೆದರು. ನಾನು ನಲವತ್ತು ವರ್ಷ ಸಂಸಾರ ಮಾಡಿಯೂ ಬಾಯಿಬಿಟ್ಟು ಹೇಳದ ಹೆಸರು, ಏಳು ಸಮುದ್ರದ ಆಚೆ ಬಿಸಿಲಲ್ಲಿ ಗಟ್ಟಿಯಾಗಿ ಕೇಳಿಸಿತು. ಆ ಸಲ ಪುಟ್ಟ ಹಿಟ್ ಹೊಡೆಯಲಿಲ್ಲ. ಹತ್ತರಲ್ಲಿ ಏಳು ಸಲ ಹಾಗೆಯೇ ಎಂದು ನನಗೇ ಅವನು ಸಮಾಧಾನ ಹೇಳಿದ.

ಮಕ್ಕಳೇ, ನಿಮ್ಮ ಹೆಸರಿನಲ್ಲಿ ಎಷ್ಟು ಅಕ್ಷರ ಇವೆ ಎಂದು ಒಮ್ಮೆ ಎಣಿಸಿ. ಅದನ್ನು ಯಾರು ಇಟ್ಟರು, ಯಾಕೆ ಇಟ್ಟರು ಎಂದು ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ತರಗತಿಯಲ್ಲಿ ನಿಮಗೆ ಹೇಳಲು ಕಷ್ಟವಾಗುವ ಹೆಸರಿನ ಮಗುವೊಂದು ಇದ್ದರೆ, ಅದರ ಹತ್ತಿರ ಹೋಗಿ ಸರಿಯಾಗಿ ಹೇಳುವುದನ್ನು ಕಲಿತುಕೊಳ್ಳಿ. ಮೂರನೇ ಸಲಕ್ಕೆ ಖಂಡಿತ ಬರುತ್ತದೆ.